ಗಿರಾಕಿ ಹಂಚಿಕೊಂಡ ಮೇಲೆ ಜೊತೆಯಾದೆವು

ವಿಜಯಪುರ ಜಿಲ್ಲೆಯ ಇಂಡಿ ಕಡೆಯ ನಮ್ಮ ಹಳ್ಳಿಗಳಲ್ಲಿ ಖಡಕ್ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳು ಮೊದಲಿಂದಲೂ ಇದ್ದಾರೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟುವವರಿದ್ದಾರೆ. ನಿಂಬೆ ಉಪ್ಪಿನಕಾಯಿ ಹಾಕುವವರೂ ಇದ್ದಾರೆ. ಆದರೆ ಒಬ್ಬರ ಗಿರಾಕಿ ಇನ್ನೊಬ್ಬರಿಗೆ ಗೊತ್ತಾಗಬಾರದು ಅನ್ನುವುದೇ ಎಲ್ಲರ ಲೆಕ್ಕ. ಮದುವೆಯ ದೊಡ್ಡ ಆರ್ಡರ್ ಬಂದರೆ ಒಬ್ಬಳೇ ರಾತ್ರಿಯೆಲ್ಲ ಬಡಿಯಬೇಕು. ಆಗದಿದ್ದರೆ ಗಿರಾಕಿ ಸೋಲಾಪುರದ ಹಾದಿ ಹಿಡಿಯುತ್ತಿದ್ದರು.

ಸಂಘದ ಸಭೆಗಳಲ್ಲಿ ಬರೀ ಸಾಲದ ಕಂತಿನ ಮಾತು. ಅದಕ್ಕೇ ನಾನು ಮನೆ ಮನೆಗೆ ಹೋದೆ. ಮೊದಲು ಕೇಳಿದ್ದು ಒಂದೇ: ಸುಗ್ಗಿಯಲ್ಲಿ ಮಾಲದಂಡಿ ಜೋಳ ಒಟ್ಟಿಗೆ ಕೊಳ್ಳೋಣವಾ? ವರ್ಷವಿಡೀ ಚಿಲ್ಲರೆಯಾಗಿ ಕೊಂಡರೆ ಜಾಸ್ತಿ ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ದುಡ್ಡು ಉಳಿಯುವ ಮಾತಾದ್ದರಿಂದ ಬೇಗ ಒಪ್ಪಿದರು.

ಆರ್ಡರ್ ಹಂಚಿಕೊಳ್ಳುವುದು ಮಾತ್ರ ಅಷ್ಟು ಸುಲಭವಿರಲಿಲ್ಲ. ನಮ್ಮ ಓಣಿಯ ಕಾಕು ನೇರವಾಗಿಯೇ ಕೇಳಿದರು: "ಯವ್ವಾ, ನನ್ನ ಗಿರಾಕಿ ನಾಳೆ ನಿನ್ನ ಮನಿಗೇ ಬಂದ್ರ ನಾ ಏನ್ ಮಾಡ್ಲಿ?" ಸರಿಯಾದ ಪ್ರಶ್ನೆ, ಅಲ್ವಾ? ಆಮೇಲೆ ಎಲ್ಲರೂ ಕೂತು ಒಂದು ಪದ್ಧತಿ ಮಾಡಿದೆವು. ರೊಟ್ಟಿ ಯಾರೇ ಬಡಿಯಲಿ, ಪ್ಯಾಕೆಟ್ ಮೇಲಿನ ಫೋನ್ ನಂಬರ್ ಆರ್ಡರ್ ತಂದವಳದ್ದು. ಅವಳಿಗೆ ರೊಟ್ಟಿಗೆ ಇಷ್ಟು ಅಂತ ಕಮಿಷನ್, ಉಳಿದಿದ್ದು ಬಡಿದವಳಿಗೆ. ಲೆಕ್ಕ ಅವತ್ತೇ ನೋಟ್‌ಬುಕ್ಕಿಗೆ ಹತ್ತಬೇಕು. ಅಳತೆಗೆ ಎಲ್ಲರ ಮನೆಯಲ್ಲೂ ಒಂದೇ ಗಾತ್ರದ ತಾಟು ಇಟ್ಟೆವು. ಒಂದೇ ಪ್ಯಾಕೆಟ್ಟಿನಲ್ಲಿ ಒಂದು ದೊಡ್ಡದು, ಒಂದು ಸಣ್ಣದು ಬಂದರೆ ಗಿರಾಕಿ ಎರಡನೇ ಸಲ ಬರುವುದಿಲ್ಲ.

ಕಾಗದಪತ್ರಕ್ಕೂ ಒಟ್ಟಿಗೇ ಹೋದೆವು. ಉದ್ಯಮ್ ಅಂದರೆ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ, ಅದಕ್ಕೆ ಸರ್ಕಾರದ ಶುಲ್ಕವೇ ಇಲ್ಲ. ಅದಕ್ಕೂ ದುಡ್ಡು ಕೇಳುವ ಏಜೆಂಟರಿದ್ದಾರೆ, ಕೊಡಬೇಡಿ.

ಇಂಡಿ ನಿಂಬೆಗೆ 2023ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರ ಕಡೆಯದೇ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ನಮ್ಮ ಉಪ್ಪಿನಕಾಯಿಯವರು ಈಗ ಊರಿನ ಹೆಸರನ್ನು ದೊಡ್ಡದಾಗಿ ಹೇಳಿಯೇ ಮಾರುತ್ತಾರೆ. ಅವರ ಗಿರಾಕಿ ರೊಟ್ಟಿ ಕೇಳುತ್ತಾರೆ, ನಮ್ಮ ಗಿರಾಕಿ ಉಪ್ಪಿನಕಾಯಿ ಕೇಳುತ್ತಾರೆ. ಬೇರೆ ಬೇರೆ ಕಸುಬಿನವರು ಸೇರಿದ್ದರಿಂದಲೇ ಜಾಸ್ತಿ ಲಾಭವಾಯಿತು ಅಂತ ನನಗನ್ನಿಸುತ್ತದೆ. ಬರೀ ರೊಟ್ಟಿಯವರೇ ಇದ್ದಿದ್ದರೆ ದರದ ಜಗಳದಲ್ಲೇ ಮುಗಿಯುತ್ತಿತ್ತು.

ಗಿರಣಿಯಣ್ಣನನ್ನೂ ಸೇರಿಸಿಕೊಂಡೆವು. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಆಗ ಆರ್ಡರ್ ಮೇಲೆ ಆರ್ಡರ್. ಅಂಥ ದಿನಗಳಲ್ಲಿ ಅವರು ಬೆಳಗಿನ ಜಾವವೇ ನಮ್ಮ ಜೋಳ ಬೀಸಿ ಕೊಡುತ್ತಾರೆ. ಈಗ ಗಿರಣಿಗೆ ಬರುವ ಖಾನಾವಳಿಯವರ ಆರ್ಡರನ್ನೂ ಅವರೇ ಹಿಡಿದು ಕೊಡುತ್ತಾರೆ. ನೋಟ್‌ಬುಕ್ಕಿನಲ್ಲಿ ಅವರ ಕಮಿಷನ್ನಿಗೂ ಒಂದು ಪುಟ ಇದೆ.