ಕಳಲೆ ಬೇಯಿಸೋವಾಗ ಮುಚ್ಚಳ ಹಾಕ್ಬೇಡಿ

ಮಳೆಗಾಲದ ಕಳಲೆ (ಬಿದಿರಿನ ಎಳೆ ಮೊಳಕೆ) ಬಂದಿದೆ, ತಗೊಳ್ಳೋರು ಇದೊಂದು ಮಾಡಿ: ಆದಷ್ಟು ತೆಳ್ಳಗೆ ಹೆಚ್ಚಿ, ಮೂರು ದಿನ ನೀರಲ್ಲಿ ನೆನೆಸಿ, ದಿನಾ ನೀರು ಬದಲಾಯಿಸಿ, ಆಮೇಲೆ ಕುಕ್ಕರ್‌ಗೆ ಹಾಕದೆ ಅಗಲದ ಪಾತ್ರೇಲಿ ಮುಚ್ಚಳ ತೆಗೆದೇ ಚೆನ್ನಾಗಿ ಕುದಿಸಿ, ಆ ನೀರು ಚೆಲ್ಲಿಬಿಡಿ. ಹಸಿ ಕಳಲೇಲಿ ಸಯನೈಡ್ ಬಿಡೋ ಅಂಶ ಇರುತ್ತೆ, ಹೆಚ್ಚಿದಾಗ ಅದು ಒಡೆದು ಸ್ವಲ್ಪ ನೀರಿಗೆ ಹೋಗುತ್ತೆ, ಉಳಿದದ್ದು ಕುದಿಯೋವಾಗ ಆವಿ ಜೊತೆ ಹೋಗ್ಬೇಕು, ಮುಚ್ಚಳ ಹಾಕಿದ್ರೆ ಅದಕ್ಕೆ ದಾರಿನೇ ಇಲ್ಲ. ಅಜ್ಜಿ ಕಾಲದವರು ನೀರು ಬದಲಾಯಿಸಿ ಅಂತಿದ್ದಿದ್ದು ಬರೀ ಕಹಿಗಲ್ಲ, ಹಾಗಾಗಿ ಅರ್ಜೆಂಟ್ ಅಂತ ಒಂದೇ ದಿನಕ್ಕೆ ಮುಗಿಸ್ಬೇಡಿ ದಯವಿಟ್ಟು. ದಪ್ಪ ದಪ್ಪ ಹೋಳು ಮಾಡಿದ್ರೆ ಮೂರು ದಿನ ಇಟ್ರೂ ಒಳಗಿನ ಕಹಿ ಸರಿಯಾಗಿ ಬಿಡಲ್ಲ. ಇನ್ನು ಉದ್ದ ಬೆಳೆದು ಬುಡ ನಾರಾಗಿರೋದಕ್ಕೆ ಎಷ್ಟು ನೆನೆಸಿದ್ರೂ ಪ್ರಯೋಜನ ಇಲ್ಲ, ಕತ್ತಿ ಸಲೀಸಾಗಿ ಇಳಿಯೋ ಎಳೇದು ಮಾತ್ರ ಇಟ್ಕೊಳ್ಳಿ. ಕುದಿಸಿದ ಮೇಲೂ ಬಾಯಿಗಿಟ್ರೆ ಕಹಿ ಅನ್ಸಿದ್ರೆ ಹೊಸ ನೀರು ಹಾಕಿ ಇನ್ನೊಂದ್ ಸಲ ಕುದಿಸಿ, ಆಮೇಲೆ ಹೆಸರುಕಾಳು ಇಲ್ಲಾ ಹಲಸಿನ ಬೀಜ ಹಾಕಿ ಪಲ್ಯ ಮಾಡಿ, ಈ ಸೀಸನ್‌ಗೆ ಅದಕ್ಕಿಂತ ರುಚಿ ಬೇರೆ ಬೇಕಾ.