ಬೆಳ್ಳಿಯನ್ನು ತಿಕ್ಕಿ ಸವೆಸಬೇಡಿ

ಹಬ್ಬದ ಹಿಂದಿನ ದಿನ ಮೊಮ್ಮಗಳು ಹಿತ್ತಾಳೆ ದೀಪದ ಮೇಲೆ ನಿಂಬೆರಸ, ಅಡುಗೆ ಸೋಡಾ ಎರಡನ್ನೂ ಸುರಿದಳು. ನೊರೆ ಉಕ್ಕಿತು ಅಂತ ಅವಳಿಗೆ ಖುಷಿಯೋ ಖುಷಿ. ನನಗೆ ರೇಗಿತು. ಹುಳಿ, ಕ್ಷಾರ ಕೂಡಿದರೆ ಒಂದನ್ನೊಂದು ಮುಗಿಸಿಬಿಡುತ್ತವೆ ಕಣೇ, ಅದೇ ತಟಸ್ಥೀಕರಣ. ಗಾಳಿಗೆ ಹೋದದ್ದು ಇಂಗಾಲದ ಡೈಆಕ್ಸೈಡ್. ಕೊಳೆ ತೆಗೆಯೋಕೆ ಇನ್ನೇನು ಉಳಿಯಿತು? ಹಿತ್ತಾಳೆಯಲ್ಲಿರುವ ತಾಮ್ರ ಗಾಳಿಯ ಆಮ್ಲಜನಕದ ಜೊತೆ ಕೂಡಿ ಕಪ್ಪಾಗಿರುತ್ತೆ. ಅದನ್ನು ಕರಗಿಸೋಕೆ ಹುಣಸೆಹಣ್ಣು, ಚಿಟಿಕೆ ಉಪ್ಪು ಸಾಕು.

ನಮ್ಮಮ್ಮ ಗೋಡೆಗೆ ಬಳಿಯೋಕೆ ಚಿಪ್ಪಿನ ಸುಣ್ಣ ನೀರಿಗೆ ಹಾಕಿದರೆ ಹಂಡೆ ಕೊತಕೊತ ಕುದಿಯುತ್ತಿತ್ತು, ಒಲೆಯೇ ಇಲ್ಲದೆ! ಭಟ್ಟಿಯಲ್ಲಿ ಚಿಪ್ಪು ಒಡೆದು ಅನಿಲ ಬಿಡುವುದು ವಿಭಜನೆ, ಆ ಸುಣ್ಣ ನೀರಿನ ಜೊತೆ ಕೂಡುವುದು ಸಂಯೋಗ. ಮಕ್ಕಳು 10ನೇ ತರಗತಿಯಲ್ಲಿ ಬಾಯಿಪಾಠ ಮಾಡ್ತಾರೆ, ಅಡುಗೆಮನೆಗೆ ಬಂದರೆ ಮರೀತಾರೆ.

ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಆ ಕಪ್ಪಿನಲ್ಲೂ ಬೆಳ್ಳಿ ಇದೆ, ತಿಕ್ಕಿದರೆ ಅದೂ ಹೋಯಿತು. ಅಮ್ಮನ ಕುಂಕುಮ ಭರಣಿಯ ಬಳ್ಳಿ ಚಿತ್ತಾರವೆಲ್ಲ ವಿಭೂತಿ ಹಾಕಿ ಉಜ್ಜಿ ಉಜ್ಜಿ ಸವೆದೇಹೋಯಿತು. ಈಗಲೂ ಹೊಟ್ಟೆ ಉರಿಯುತ್ತೆ.

ನಾನು ಮಾಡುವುದು ಹೀಗೆ. ಮೊದಲು ಸೀಗೆಪುಡಿಯಲ್ಲಿ ಎಣ್ಣೆಜಿಡ್ಡು ತೊಳೆಯಿರಿ, ಇದನ್ನು ಬಿಟ್ಟರೆ ಮುಂದಿನದೆಲ್ಲ ದಂಡ. ಅಗಲವಾದ ಸ್ಟೀಲ್ ಪಾತ್ರೆಯೊಳಗೆ ಪೂರ್ತಿ ಅಲ್ಯೂಮಿನಿಯಂ ಹಾಳೆ ಹಾಸಿ. ಒಂದು ಹಿಡಿ ಅಡುಗೆ ಸೋಡಾ, ಸ್ವಲ್ಪ ಉಪ್ಪು ಚೆಲ್ಲಿ. ಬೆಳ್ಳಿ ಸಾಮಾನು ಹಾಳೆಗೆ ತಾಗಲೇಬೇಕು, ಒಂದರ ಮೇಲೊಂದು ಪೇರಿಸಬೇಡಿ. ಒಲೆಯಿಂದ ಇಳಿಸಿದ ತಕ್ಷಣ ಕುದಿನೀರು ಸುರಿಯಿರಿ, ಬೆಚ್ಚಗಿನ ನೀರು ಸಾಲದು. ಕೊಳೆತ ಮೊಟ್ಟೆಯ ವಾಸನೆ ಬರುತ್ತೆ, ಗಂಧಕ ಬಿಟ್ಟಿತು ಅಂತ ಅರ್ಥ. ಕಿಟಕಿ ತೆಗೆದಿಡಿ. ಸೋಡಾ ಹಾಳೆಯ ಮೇಲಿನ ಪೊರೆ ತೆಗೆಯುತ್ತೆ. ಬೆಳ್ಳಿಗಿಂತ ಅಲ್ಯೂಮಿನಿಯಂ ಚುರುಕು, ಗಂಧಕದಿಂದ ಬೆಳ್ಳಿಯನ್ನು ಬಿಡಿಸಿಬಿಡುತ್ತೆ. ಸ್ಥಾನಪಲ್ಲಟ ಅನ್ನುವುದು ಇದಕ್ಕೇ. ಐದು ನಿಮಿಷಕ್ಕೆ ಒಮ್ಮೆ ಮಗುಚಿ. ಹಾಳೆ ಮಂಕಾಗುತ್ತೆ, ಬೆಳ್ಳಿ ಬೆಳ್ಳಗಾಗುತ್ತೆ. ತೊಳೆದು ಹಳೇ ಹತ್ತಿ ಸೀರೆ ತುಂಡಿನಲ್ಲಿ ಒರೆಸಿ. ಹರಳು, ಮುತ್ತು ಕೂರಿಸಿದ್ದು, ಒಳಗೆ ಅರಗು ತುಂಬಿದ್ದು, ಬೇಕೆಂದೇ ಕಪ್ಪು ಬಿಟ್ಟ ಕೆತ್ತನೆಯದ್ದು ಇದಕ್ಕೆ ಹಾಕಬೇಡಿ.

ಹೇಳಿಬಿಡ್ತೀನಿ, ಬಚ್ಚಲು ತೊಳೆಯುವಾಗ ಬ್ಲೀಚಿಂಗ್ ಪೌಡರ್ ಜೊತೆ ಆ್ಯಸಿಡ್ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತೆ, ಉಸಿರು ಕಟ್ಟುತ್ತೆ.

ಒರೆಸಿದ ಬೆಳ್ಳಿಯನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡುವವರಿದ್ದಾರೆ. ರಬ್ಬರಿನಲ್ಲೂ ಗಂಧಕ ಇರುತ್ತೆ, ಆ ಜಾಗದಲ್ಲೇ ಕಪ್ಪು ಗೆರೆ ಬೀಳುತ್ತೆ. ಹತ್ತಿ ಬಟ್ಟೆ ಸುತ್ತಿ, ನೂಲಿನಲ್ಲಿ ಕಟ್ಟಿ.