ಪೋರ್ಟ್ ಎಣಿಸಿದರೆ ಸಾಲದು, ವಾಟ್ ಲೆಕ್ಕ ಹಾಕಿ
ಮಹಡಿ ಅಂಗಡಿಗೆ ನೆಟ್‌ವರ್ಕ್ ಸ್ವಿಚ್ ಆರಿಸುವ ಬಗೆ

ದಾವಣಗೆರೆಯ ಪಿ.ಬಿ. ರಸ್ತೆ, ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಹಳೇ ಅಂಗಡಿ ಕೆಡವಿ ಮೂರ್ನಾಲ್ಕು ಮಹಡಿ ಎಬ್ಬಿಸುವವರು ಗ್ರಾನೈಟ್, ಲಿಫ್ಟ್, ಗಾಜಿನ ಮುಂಭಾಗಕ್ಕೆ ಕೈಬಿಚ್ಚಿ ಖರ್ಚು ಮಾಡುತ್ತಾರೆ. ಕಂಪ್ಯೂಟರ್, ಕ್ಯಾಮೆರಾ ವೈರುಗಳನ್ನು ತನ್ನ ಪೋರ್ಟುಗಳಿಗೆ (ಕಿಂಡಿಗಳಿಗೆ) ಸಿಕ್ಕಿಸಿಕೊಂಡು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಮಾತ್ರ ಅಂಗಡಿ ಪೂಜೆಯ ಹಿಂದಿನ ದಿನ, ಕ್ಯಾಮೆರಾ ಹಾಕುವ ಹುಡುಗ ತಂದದ್ದೇ ಬರುತ್ತದೆ. ‘ಎಂಟು ಪೋರ್ಟಿಂದು ಒಂದು ಸಾಕು ಸಾರ್, ಆಮೇಲೆ ಬೇಕಾದ್ರೆ ಇನ್ನೊಂದು ಸೇರಿಸೋಣ.’ ಆ ಇನ್ನೊಂದು ಸೇರುತ್ತದೆ, ಮತ್ತೊಂದೂ ಸೇರುತ್ತದೆ. ನೆಲಮಹಡಿಯದರಿಂದ ಮೊದಲ ಮಹಡಿಯದು, ಅದರಿಂದ ಎರಡನೆಯದು, ಅದರಿಂದ ಮೂರನೆಯದು. ರಾತ್ರಿ ಮೊದಲ ಮಹಡಿಯವರು ಮೇನ್ ಆಫ್ ಮಾಡಿ ಮನೆಗೆ ಹೊರಟರೆ ಮೂರನೇ ಮಹಡಿಯ ಗೋಡೌನ್ ಕ್ಯಾಮೆರಾದ ರೆಕಾರ್ಡಿಂಗೂ ನಿಂತಿರುತ್ತದೆ.

ಒಂದು ಜವಳಿ ಅಂಗಡಿ ಅಂದುಕೊಳ್ಳಿ. ಕೆಳಗೆ ಬಿಲ್ಲಿಂಗ್ ಮತ್ತು ಶೋರೂಮ್, ಮೇಲೆ ಸೀರೆ ವಿಭಾಗ, ಎರಡನೇ ಮಹಡಿಯಲ್ಲಿ ಆಫೀಸು, ಮೂರನೆಯದರಲ್ಲಿ ಗೋಡೌನ್. ಕ್ಲಿನಿಕ್ಕು, ಲ್ಯಾಬು, ಟ್ಯೂಷನ್ ಸೆಂಟರ್ ಆದರೂ ಲೆಕ್ಕದ ರೀತಿ ಇದೇ.

ಮೊದಲು ಹಾಳೆ, ಪೆನ್ನು

ಮಹಡಿವಾರು ಬರೆಯಿರಿ: ಕಂಪ್ಯೂಟರ್ ಎಷ್ಟು, ಪ್ರಿಂಟರ್ ಎಷ್ಟು, ಕ್ಯಾಮೆರಾ, ವೈಫೈ ಡಬ್ಬಿ ಎಷ್ಟು. ಬಂದ ಮೊತ್ತಕ್ಕೆ ನಾಲ್ಕರಲ್ಲೊಂದು ಭಾಗ ಖಾಲಿ ಪೋರ್ಟ್ ಸೇರಿಸಿ. ಅಷ್ಟೇ, ಇದರಲ್ಲಿ ಯಾರೂ ಎಡವುವುದಿಲ್ಲ.

ಸರಪಳಿ ಬೇಡ

ನೆಲಮಹಡಿಯಲ್ಲಿ, ರೂಟರ್ ಮತ್ತು ಎನ್‌ವಿಆರ್ (ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ) ಇರುವ ಕಡೆ ಒಂದು ಮುಖ್ಯ ಸ್ವಿಚ್. ಅಲ್ಲಿಂದ ಪ್ರತಿ ಮಹಡಿಗೂ ನೇರವಾಗಿ ಅದರದ್ದೇ ಒಂದು ಲೈನ್. ಒಂದು ಮಹಡಿಯ ಸ್ವಿಚ್ ಕೆಟ್ಟರೆ ಆ ಮಹಡಿ ಮಾತ್ರ ನಿಲ್ಲಬೇಕು. ಮೂರು ಲೈನ್ ಎಳೆಯಲು ಕೂಲಿ ಜಾಸ್ತಿ ಎಂದು ಎಲೆಕ್ಟ್ರಿಷಿಯನ್ ಗೊಣಗಿದರೂ ಬಿಡಬೇಡಿ. ಡಕ್ಟ್ ಮುಚ್ಚಿ ಟೈಲ್ಸ್ ಕೂರಿಸಿದ ಮೇಲೆ ಆ ಕೂಲಿ ಎಷ್ಟೋ ಪಟ್ಟಾಗುತ್ತದೆ.

ಎಲ್ಲರೂ ಎಡವುವುದು ಇಲ್ಲಿ

ಕ್ಯಾಮೆರಾ, ವೈಫೈ ಡಬ್ಬಿಗಳಿಗೆ ಈಗ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟೂ ಹೋಗುತ್ತದೆ. ಇದಕ್ಕೆ ಪಿಒಇ ಎನ್ನುತ್ತಾರೆ. ಡಬ್ಬದ ಮೇಲೆ ‘8 ಪೋರ್ಟ್ ಪಿಒಇ ಪ್ಲಸ್, ಪೋರ್ಟಿಗೆ 30 ವಾಟ್’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಎಂಟು ಮೂವತ್ತಲೇ ಇನ್ನೂರ ನಲವತ್ತು ಎಂದು ನೀವು ಲೆಕ್ಕ ಹಾಕುತ್ತೀರಿ. ಅದೇ ಡಬ್ಬದ ಪಕ್ಕದಲ್ಲಿ, ಸಣ್ಣಕ್ಷರದಲ್ಲಿ, ‘ಪಿಒಇ ಬಜೆಟ್ 65 ವಾಟ್’ ಎಂದಿರುತ್ತದೆ. ಎಂಟೂ ಪೋರ್ಟು ಸೇರಿ ಹಂಚಿಕೊಳ್ಳಬೇಕಾದದ್ದು ಆ 65 ವಾಟನ್ನೇ. ಕೊಳ್ಳುವಾಗ ಹುಡುಕಬೇಕಾದ ಅಂಕಿ ಅದು.

ಈಗ ಎಂಟು ಬುಲೆಟ್ ಕ್ಯಾಮೆರಾ ಸಿಕ್ಕಿಸಿ. ಹಗಲಿನಲ್ಲಿ ಒಂದೊಂದು ಸುಮಾರು 4 ವಾಟ್ ಎಳೆದರೆ ಒಟ್ಟು 32. ಆರಾಮಾಗಿ ನಡೆಯುತ್ತದೆ, ಹಾಕಿದವನು ದುಡ್ಡು ಎಣಿಸಿಕೊಂಡು ಹೋಗುತ್ತಾನೆ. ರಾತ್ರಿ ದೀಪ ಆರಿಸಿ ಶಟರ್ ಎಳೆದ ಕೂಡಲೇ ಎಂಟೂ ಕ್ಯಾಮೆರಾಗಳ ಇನ್‌ಫ್ರಾರೆಡ್ ದೀಪ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ದೂರದವರೆಗೆ ಕಾಣುವ ಕ್ಯಾಮೆರಾ ಆಗ 9 ವಾಟ್ ಎಳೆದರೆ ಎಂಟಕ್ಕೆ 72. ಸ್ವಿಚ್ ಬಳಿ ಇರುವುದು 65. ಅದು ತನ್ನ ಜೀವ ಉಳಿಸಿಕೊಳ್ಳಲು ಒಂದೆರಡು ಪೋರ್ಟಿನ ಕರೆಂಟ್ ಕಡಿಯುತ್ತದೆ. ಕೆಲವು ಸ್ವಿಚ್‌ಗಳಲ್ಲಿ ಕ್ಯಾಮೆರಾ ಸತ್ತು ಹುಟ್ಟಿ, ಮತ್ತೆ ಸತ್ತು ಹುಟ್ಟಿ, ರಾತ್ರಿಯಿಡೀ ಇದೇ ಆಟ. ಬೆಳಿಗ್ಗೆ ಬೆಳಕು ಬಂದಾಗ ಎಲ್ಲ ಸರಿಯಾಗಿರುತ್ತದೆ. ರಿಪೇರಿಯವನು ಹಗಲಲ್ಲಿ ಬಂದು, ‘ಏನೂ ತೊಂದರೆ ಇಲ್ವಲ್ಲ ಸಾರ್’ ಎಂದು ಕ್ಯಾಮೆರಾ ಬದಲಿಸಿ ಹೋಗುತ್ತಾನೆ.

ಹಾಗಾಗಿ ಲೆಕ್ಕ ಹೀಗೆ ಹಾಕಿ. ಪ್ರತಿ ಸಾಧನದ ವಿವರಪಟ್ಟಿಯಲ್ಲಿ ‘ಗರಿಷ್ಠ ವಿದ್ಯುತ್’ ಎಂದಿರುವ ಅಂಕಿಯನ್ನೇ ತೆಗೆದುಕೊಳ್ಳಿ. ಎಲ್ಲವನ್ನೂ ಕೂಡಿಸಿ, ಅದರ ಮೇಲೆ ಕಾಲು ಭಾಗ ಸೇರಿಸಿ. ಮೇಲಿನ ಉದಾಹರಣೆಯಲ್ಲಿ 72ಕ್ಕೆ 18 ಸೇರಿ 90. ಅಂದರೆ 90ಕ್ಕಿಂತ ಕಡಿಮೆಯಾಗದಂತೆ, ಎಂಟು ಪೋರ್ಟಿನದೇ ಆದರೂ 120 ವಾಟಿನ ಆಸುಪಾಸು ಬಜೆಟ್ ಇರುವುದನ್ನು ಕೇಳಿ. ತಿರುಗುವ ಪಿಟಿಜೆಡ್ ಕ್ಯಾಮೆರಾ ಇದ್ದರೆ ಅದೊಂದೇ 20 ವಾಟ್ ದಾಟಬಹುದು, ಅದನ್ನು ಮೊದಲು ಬರೆದುಕೊಳ್ಳಿ.

ಇನ್ನೊಂದು ಸೂಕ್ಷ್ಮ ಇದೆ. ಪಿಒಇಯಲ್ಲಿ ದರ್ಜೆಗಳಿವೆ. 802.3ಎಎಫ್ ಎಂದರೆ ಪೋರ್ಟಿನಲ್ಲಿ 15.4 ವಾಟ್, 802.3ಎಟಿ ಎಂದರೆ 30 ವಾಟ್. ಕೇಬಲ್‌ನಲ್ಲಿ ನಷ್ಟ ಕಳೆದು ಸಾಧನಕ್ಕೆ ಖಾತ್ರಿಯಾಗಿ ಸಿಗುವುದು 12.95 ಮತ್ತು 25.5. ಕೆಲವು ಸ್ವಿಚ್‌ಗಳು ಕ್ಯಾಮೆರಾ ನಿಜವಾಗಿ ಎಳೆಯುವುದನ್ನು ನೋಡದೆ, ಅದರ ದರ್ಜೆ ನೋಡಿ ಪೂರ್ತಿ 15.4 ವಾಟನ್ನೇ ಕಾದಿರಿಸುತ್ತವೆ. ಅಂಥದ್ದರಲ್ಲಿ 65 ವಾಟಿಗೆ ನಾಲ್ಕೇ ಕ್ಯಾಮೆರಾ, ಐದನೆಯದು ಹೊತ್ತುವುದೇ ಇಲ್ಲ. ಕಂಪ್ಯೂಟರಿನಿಂದ ನಿಯಂತ್ರಿಸಬಹುದಾದ (ಮ್ಯಾನೇಜ್ಡ್) ಸ್ವಿಚ್‌ನಲ್ಲಿ ಇದನ್ನು ಬದಲಿಸುವ ಸೆಟ್ಟಿಂಗ್ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಗಲ್ಲಾ ಪಕ್ಕದ ಕ್ಯಾಮೆರಾಕ್ಕೆ ಮೊದಲ ಆದ್ಯತೆ ಕೊಡಲೂ ಅಂಥ ಸ್ವಿಚ್‌ನಲ್ಲಿ ಬರುತ್ತದೆ.

ಅಗ್ಗದ ಕ್ಯಾಮೆರಾ ಸ್ವಿಚ್‌ಗಳ ಬಗ್ಗೆ ಒಂದು ಮಾತು. ಅದರ ಮುಂಭಾಗದಲ್ಲಿ ‘ಎಕ್ಸ್‌ಟೆಂಡ್’ ಎಂಬ ಸಣ್ಣ ಗುಂಡಿ ಇರುತ್ತದೆ, ಒತ್ತಿದರೆ 250 ಮೀಟರ್‌ವರೆಗೆ ಹೋಗುತ್ತದೆ ಎನ್ನುತ್ತಾರೆ. ಹೋಗುತ್ತದೆ, ಆದರೆ ವೇಗ 10 ಎಂಬಿಪಿಎಸ್‌ಗೆ ಇಳಿಯುತ್ತದೆ. ಕ್ಯಾಮೆರಾ ಪೋರ್ಟುಗಳೂ ಹೆಚ್ಚಾಗಿ 100 ಎಂಬಿಪಿಎಸ್‌ನವೇ. ಕ್ಯಾಮೆರಾಗೆ ಅದು ಧಾರಾಳ ಸಾಕು. ಆಫೀಸಿನ ಕಂಪ್ಯೂಟರನ್ನು ಅದಕ್ಕೆ ಸಿಕ್ಕಿಸಬೇಡಿ. ಇನ್ನು ‘ಪ್ಯಾಸಿವ್ ಪಿಒಇ’ ಎಂದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಆಚೆ ತುದಿಯಲ್ಲಿ ಏನಿದೆ ಎಂದು ಕೇಳದೆಯೇ ಕರೆಂಟ್ ನುಗ್ಗಿಸುವ ಜಾತಿ ಅದು, ತಪ್ಪಿ ಪ್ರಿಂಟರ್ ಸಿಕ್ಕಿಸಿದರೆ ಪ್ರಿಂಟರ್ ಸುಟ್ಟುಹೋಗಬಹುದು.

ಮಹಡಿಯಿಂದ ಮಹಡಿಗೆ ಫೈಬರ್

ತಾಮ್ರದ ಕೇಬಲ್‌ಗೆ 100 ಮೀಟರ್ ಮಿತಿ. ನಾಲ್ಕು ಮಹಡಿಗೆ ಅಷ್ಟು ಬೇಕಾಗುವುದಿಲ್ಲ, ಆದ್ದರಿಂದ ತಾಮ್ರವೇ ಸಾಕು ಎಂದು ಹೇಳುವವರಿದ್ದಾರೆ. ವೇಗದ ಮಟ್ಟಿಗೆ ಅದು ನಿಜ. ಆದರೂ ನಾನು ಫೈಬರ್ ಎಂದೇ ಹೇಳುತ್ತೇನೆ, ಕಾರಣ ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಟೆರೇಸಿನ ಕ್ಯಾಮೆರಾ ಮೂಲಕ ಬಂದ ಏಟು ತಾಮ್ರದಲ್ಲಿ ಇಳಿದು ನೆಲಮಹಡಿಯ ಬಿಲ್ಲಿಂಗ್ ಕಂಪ್ಯೂಟರ್‌ವರೆಗೆ ಹೋಗಬಲ್ಲದು. ಫೈಬರ್ ಗಾಜು, ಅದರಲ್ಲಿ ಹರಿಯುವುದು ಬೆಳಕು, ಕರೆಂಟ್ ಅಲ್ಲ. ಒಂದೊಂದು ಮಹಡಿಗೆ ಬೇರೆ ಮೀಟರ್, ಬೇರೆ ಅರ್ಥಿಂಗ್ ಇದ್ದರಂತೂ ಎರಡನೇ ಯೋಚನೆ ಬೇಡ.

ಇದಕ್ಕೆ ಸ್ವಿಚ್‌ನಲ್ಲಿ ಎಸ್‌ಎಫ್‌ಪಿ ಕಿಂಡಿ, ಅಂದರೆ ಫೈಬರ್ ಜೋಡಿಸುವ ಮಾಡ್ಯೂಲ್ ಕೂರುವ ಕಿಂಡಿ, ಇರಬೇಕು. 16 ಪೋರ್ಟಿನ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಎರಡು, 24ರಲ್ಲಿ ನಾಲ್ಕು ಇರುತ್ತವೆ. ಮೇಲೆ ಮೂರು ಮಹಡಿ ಇರುವುದರಿಂದ, ನೆಲಮಹಡಿಯಲ್ಲಿ ಸಾಧನ ಕಡಿಮೆ ಇದ್ದರೂ ಮುಖ್ಯ ಸ್ವಿಚ್ 24 ಪೋರ್ಟಿನದೇ ಬೇಕು. ಸಿಂಗಲ್ ಮೋಡ್ ಫೈಬರ್ ಹಾಕಿಸಿ, ಎರಡು ಎಳೆ ಹೆಚ್ಚಿಗೆ ಇರಲಿ. ನಿಮ್ಮ ಕಟ್ಟಡಕ್ಕೆ ಇಂಟರ್‌ನೆಟ್ ಕೊಡುವ ಹುಡುಗರ ಬಳಿಯೇ ಸ್ಪ್ಲೈಸಿಂಗ್ ಯಂತ್ರ ಇರುತ್ತದೆ, ಅವರಿಂದಲೇ ಬೆಸುಗೆ ಮಾಡಿಸಬಹುದು. ಒಂದೇ ಎಚ್ಚರ: ಅವರ ಚೀಲದಲ್ಲಿರುವುದು ಹಸಿರು ತುದಿಯ ಕನೆಕ್ಟರ್, ಎಸ್‌ಎಫ್‌ಪಿ ಮಾಡ್ಯೂಲ್ ಬೇಡುವುದು ನೀಲಿ ತುದಿಯದ್ದು. ಹಸಿರಿನ ಮೂತಿಯನ್ನು ಓರೆಯಾಗಿ ಉಜ್ಜಿರುತ್ತಾರೆ. ಎರಡನ್ನೂ ಮುಖಾಮುಖಿ ಕೂರಿಸಿದರೆ ಬೆಳಕು ಸೋರಿ, ಲೈನ್ ಬಂದೂ ಬರದಂತಾಗುತ್ತದೆ.

ಮ್ಯಾನೇಜ್ಡ್ ಬೇಕೇ?

ಬೇಕು. ದುಬಾರಿಯದಲ್ಲ, ‘ಸ್ಮಾರ್ಟ್’ ಎಂದು ಮಾರುವ ನಡುವಿನ ದರ್ಜೆ ಸಾಕು. ಸೀರೆ ನೋಡಲು ಬಂದವರ ಫೋನಿನ ವೈಫೈ, ಬಿಲ್ಲಿಂಗ್, ಕ್ಯಾಮೆರಾ, ಈ ಮೂರನ್ನೂ ವಿಎಲ್ಎಎನ್ (ಒಂದೇ ಸ್ವಿಚ್‌ನೊಳಗೆ ಪ್ರತ್ಯೇಕ ನೆಟ್‌ವರ್ಕ್) ಮಾಡಿ ಬೇರೆ ಬೇರೆ ಇಡಬೇಕು. ರೂಟರಿಗೂ ಅದು ಬರಬೇಕು. ಇನ್ನೊಂದು ಲಾಭ, ಲೂಪ್ ತಡೆ. ಕಸ ಗುಡಿಸುವಾಗ ಕಳಚಿ ಬಿದ್ದ ವೈರಿನ ಎರಡೂ ತುದಿಯನ್ನು ಯಾರೋ ಒಳ್ಳೆಯ ಮನಸ್ಸಿನಿಂದ ಒಂದೇ ಸ್ವಿಚ್‌ಗೆ ಸಿಕ್ಕಿಸಿದರೆ, ಲೂಪ್ ತಡೆ ಇಲ್ಲದ ಕಡೆ ಇಡೀ ಅಂಗಡಿಯ ನೆಟ್‌ವರ್ಕ್ ಮಲಗುತ್ತದೆ. ಅದೂ ಮದುವೆ ಸೀಸನ್‌ನ ಸಂಜೆಯೇ ಆಗಬೇಕು!

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ದೊಡ್ಡ ಕಂಪನಿಯ ಸ್ವಿಚ್ ತರುವ ಆಸೆ ಕೆಲವರಿಗೆ. ಗಟ್ಟಿಯೇನೋ ಹೌದು. ಆದರೆ ಅವುಗಳ ಫ್ಯಾನ್ ಸದ್ದಿಗೆ ಗಿರಾಕಿ ಮಾತು ಕೇಳಿಸುವುದಿಲ್ಲ, ಹಳೆಯ ಮಾಡೆಲ್‌ಗೆ ಸಾಫ್ಟ್‌ವೇರ್ ಅಪ್‌ಡೇಟ್ ಕೂಡ ನಿಂತಿರುತ್ತದೆ. ಬೇಡ.

ಕೇಬಲ್, ಜಾಗ, ಬಿಸಿ

305 ಮೀಟರಿನ ಕೇಬಲ್ ಡಬ್ಬದ ಮೇಲೆ ಸಿಸಿಎ ಎಂದಿದ್ದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಡಬ್ಬದ ಮಾತು ನಂಬದಿದ್ದರೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ವಾಪಸ್ ಕೊಡಿ. ಪಿಒಇ ಕರೆಂಟಿಗೆ ಅದು ಬಿಸಿಯಾಗುತ್ತದೆ, ಕ್ಯಾಮೆರಾ ತಲುಪುವಷ್ಟರಲ್ಲಿ ವೋಲ್ಟೇಜೂ ಬೀಳುತ್ತದೆ. ಶುದ್ಧ ತಾಮ್ರದ ಕ್ಯಾಟ್ 6 ಹಾಕಿಸಿ.

ಮೆಟ್ಟಿಲ ಕೆಳಗಿನ ಗೂಡು, ಫಾಲ್ಸ್ ಸೀಲಿಂಗ್ ಮೇಲಿನ ಸಂದು ಸ್ವಿಚ್ ಇಡುವ ಜಾಗವಲ್ಲ. ನಮ್ಮೂರ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ಹತ್ತಿರ ಇರುವಾಗ ಮುಚ್ಚಿದ ರ‍್ಯಾಕ್ ಒಳಗೆ ಇನ್ನೂ ಹೆಚ್ಚು. 40 ಡಿಗ್ರಿಗೆ ಮಾತ್ರ ಖಾತ್ರಿ ಕೊಡುವ ಸ್ವಿಚ್ ಬಿಟ್ಟು 50 ಡಿಗ್ರಿಯದ್ದು ತನ್ನಿ. ಮೇಲಿನ ಮಹಡಿಗಳಿಗೆ ಫ್ಯಾನ್ ಇಲ್ಲದ್ದೇ ಒಳ್ಳೆಯದು, ಬಟ್ಟೆ ಅಂಗಡಿಯ ನೂಲು ಧೂಳು ಫ್ಯಾನನ್ನು ಬೇಗ ಕಟ್ಟಿಹಾಕುತ್ತದೆ. ಎಲ್ಲ ಸ್ವಿಚ್‌ಗಳಿಗೂ ಯುಪಿಎಸ್ ಲೈನ್ ಕೊಡಿಸಿ, ಮಹಡಿಯ ಮೇನ್ ಆಫ್ ಮಾಡಿದರೂ ಆ ಲೈನ್ ಉಳಿಯುವಂತೆ.

ಕೆಲಸ ಮುಗಿದ ದಿನ ಸಂಜೆ ಹಾಕಿದವನನ್ನು ಕಳಿಸುವ ಮೊದಲು ಅಂಗಡಿಯ ದೀಪ ಪೂರ್ತಿ ಆರಿಸಿ, ಎಲ್ಲ ಕ್ಯಾಮೆರಾ ರಾತ್ರಿ ಚಿತ್ರಕ್ಕೆ ಬದಲಾದ ಮೇಲೂ ಅರ್ಧ ಗಂಟೆ ಪರದೆ ನೋಡಿ. ಆಮೇಲೆ ಸ್ವಿಚ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಯಾವ ಪೋರ್ಟಿಗೆ ಯಾವ ವೈರ್ ಎಂಬ ಚೀಟಿಯನ್ನು ರ‍್ಯಾಕ್ ಬಾಗಿಲ ಒಳಗೆ ಅಂಟಿಸಿ, ಪಾಸ್‌ವರ್ಡನ್ನು ಮಾತ್ರ ನಿಮ್ಮ ಬೀರುವಿನಲ್ಲಿ ಇಟ್ಟುಕೊಂಡು ಬಾಕಿ ಹಣ ಕೊಡಿ.